ಒಬ್ಬನೇ ಮಾಡಿದ ಜನಸಾಗರ

“ಜಗತ್ತಿನ ಯಾವ ಜಾಹೀರಾತೂ ನನ್ನ ಕಣ್ಣಲ್ಲಿ ಒಂದು ಹನಿ ನೀರು ತರಿಸಲಾರದು!” ಸೋಫಾದ ಮೇಲೆ ಪಟ್ಟಕ್ಕೇರಿದವನಂತೆ ಕುಳಿತು ಸೌಂಡಪ್ಪ ಘೋಷಿಸಿದ. ಟಿವಿಯಲ್ಲಿ ಫೈನಲ್ ಪಂದ್ಯ ಶುರುವಾಗುವುದರಲ್ಲಿತ್ತು.

ಹಾಗೆ ಹೇಳುವ ಅಧಿಕಾರ ಅವನಿಗಿತ್ತು. ಜಾಹೀರಾತುಗಳಿಗೆ ಸದ್ದು ಕೂಡಿಸುವುದೇ ಅವನ ಹೊಟ್ಟೆಪಾಡು. ಓಟಗಾರ್ತಿಯ ಎದೆಬಡಿತ, ಅಪ್ಪನ ನಿಟ್ಟುಸಿರು, ಗೆಲುವಿನ ಗಳಿಗೆಗೆ ಸರಿಯಾಗಿ ಪಿಟೀಲು, ಎಲ್ಲವೂ ಅವನ ಕೈಚಳಕ. ಸ್ಟೇಡಿಯಂನ ಜನಸಾಗರ ಮಾತ್ರ ಅವನ ಗೆಳೆಯನದು. ಆ ಗೆಳೆಯ ಸ್ಟುಡಿಯೋದ ಮೂಲೆಮೂಲೆಯಲ್ಲಿ ನಿಂತು, ಒಮ್ಮೆ ಮುದುಕನಂತೆ, ಒಮ್ಮೆ ಮಗುವಿನಂತೆ ಕಿರುಚುತ್ತಿದ್ದ, ಪ್ಲಾಸ್ಟಿಕ್ ಬಕೆಟ್ ಬಡಿಯುತ್ತಿದ್ದ, ಶಿಳ್ಳೆ ಹೊಡೆಯುತ್ತಿದ್ದ. ಸೌಂಡಪ್ಪ ಅದನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಸ್ಟೇಡಿಯಂ ತುಂಬಿ ತುಳುಕುತ್ತಿತ್ತು! ಹಾಗಾಗಿ ಗೆಳೆಯನ ಹೆಸರೇ ಗದ್ದಲ ಎಂದಾಯಿತು. ಅಷ್ಟೊಂದು ಓಟಗಾರರನ್ನು ಹುರಿದುಂಬಿಸಿದ ಆ ಮಹಾನುಭಾವ ಜನ್ಮದಲ್ಲಿ ಬಸ್ಸು ಹಿಡಿಯಲೂ ಓಡಿದವನಲ್ಲ.

ಗದ್ದಲ ಹೋದ ತಿಂಗಳು ತೀರಿಕೊಂಡ. ಸೌಂಡಪ್ಪ ಅಳಲಿಲ್ಲ. ಸಂತಾಪ ಸಭೆಗೆ ಹೋದವನು, ಮೈಕು ಗುಂಯ್‌ಗುಡುತ್ತಿದೆ ಎಂದು ವೈರು ಸರಿಮಾಡಿ ಬಂದ, ಅಷ್ಟೇ. ಅಂದಿನಿಂದ ಹೆಂಡತಿಗೆ ಅದೇ ಚಿಂತೆ.

“ಅತ್ತವರು ವಾರಪೂರ್ತಿ ಪಾತ್ರೆ ತೊಳೀಬೇಕು,” ಎಂದು ಅವನ ಘೋಷಣೆ ಕೇಳಿದ ಅತ್ತೆ ಪಣ ಕಟ್ಟಿದರು. “ಕೈಗವಸು ರೆಡಿ ಇಟ್ಕೊಳ್ಳಿ ಅತ್ತೆ!” ಎಂದ ಸೌಂಡಪ್ಪ.

ಮೊದಲ ಬ್ರೇಕ್. ಪುಟ್ಟ ಹುಡುಗಿ, ಹರಿದ ಶೂ.

“ಈಗ ಅಪ್ಪ ವಾಚು ಮಾರ್ತಾನೆ.” ಮಾರಿದ. “ಈಗ ಮಳೆ.” ಬಂತು. “ಅತ್ತೇ, ಅದು ಮಳೆ ಅಲ್ಲ, ತೋಟದ ಪೈಪು! ತಗೊಳ್ಳಿ, ಬಂತು ಪಿಟೀಲು...”

“ಸುಮ್ನಿರ್ರೀ!” ಹೆಂಡತಿ ಸೊರ್ರೆಂದು ಮೂಗೆಳೆದಳು. ಅತ್ತೆಯ ಕನ್ನಡಕ ಆಗಲೇ ಮಂಜಾಗಿತ್ತು. ಹುಡುಗಿ ಗೆದ್ದು ಅಪ್ಪನನ್ನು ತಬ್ಬಿಕೊಂಡಳು. ಪರದೆಯ ಮೇಲೆ ಒಂದು ಬಿಸ್ಕತ್ತಿನ ಪೊಟ್ಟಣ ಮೂಡಿತು.

“ಬಿಸ್ಕತ್ತಿಗೆ ಅತ್ತಿರಾ! ತಾಯಿ ಮಗಳು ಇಬ್ಬರೂ ಔಟ್!”

“ನೀವೇನು ಮನುಷ್ಯರೋ, ಮೈಕೋ?” ಎಂದಳು ಹೆಂಡತಿ.

ಎರಡನೇ ಬ್ರೇಕ್. ಸೌಂಡಪ್ಪ ವಿಜಯದ ಟೀ ಲೋಟ ಎತ್ತಿ ಹಿಡಿದಿದ್ದ. ಈ ಜಾಹೀರಾತು ಯಾವುದೋ ಬೇರೆ ಸ್ಟುಡಿಯೋದವರ ಕೆಲಸ. ಓಟಗಾರ ಎಡವಿ ಬಿದ್ದ. ಸ್ಟೇಡಿಯಂ ಸ್ತಬ್ಧವಾಯಿತು.

“ನೋಡಿ, ಈಗ ಪಿಟೀಲು...”

ಪಿಟೀಲು ಬರಲಿಲ್ಲ. ಹಿಂದಿನ ಸಾಲಿನಿಂದ ಒಂದೇ ಒಂದು ಶಿಳ್ಳೆ ಬಂತು. ನಡುವೆ ಒಡೆದು, ಕೆಮ್ಮಾಗಿ, ಆ ಕೆಮ್ಮು ನಗುವಾಗಿ ಮುಗಿಯುವ ಶಿಳ್ಳೆ. ಅಂಥದ್ದು ಲೋಕದಲ್ಲಿ ಒಂದೇ ಇತ್ತು. ಹಳೆಯ ರೆಕಾರ್ಡಿಂಗ್‌ನಿಂದ ಯಾರೋ ಎತ್ತಿ ಹಾಕಿದ್ದರು.

“ಗದ್ದಲ!”

ಲೋಟ ಹಾರಿತು. ಟೀ ನೆಲದ ಪಾಲಾಯಿತು. ಸೌಂಡಪ್ಪ ಟಿವಿಯನ್ನು ತಬ್ಬಿ, ಅದರ ಸ್ಪೀಕರಿಗೆ ಕಿವಿಯಿಟ್ಟು, ಹೋ ಎಂದು ಅತ್ತ. ಆ ಆರ್ಭಟಕ್ಕೆ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಓಡಿಬಂದರು. ಪರದೆಯ ಮೇಲೆ ಮಂಡಿನೋವಿನ ಎಣ್ಣೆಯ ಶೀಶೆ ಮಿನುಗುತ್ತಿತ್ತು. ಡಾಕ್ಟರು ಶೀಶೆ ನೋಡಿದರು, ಸೌಂಡಪ್ಪನನ್ನು ನೋಡಿದರು.

“ಅಯ್ಯೋ ಪಾಪ, ಮಂಡಿ ಅಷ್ಟೊಂದು ನೋವಾ? ಇದೇ ಎಣ್ಣೆ ನಮ್ಮನೇಲಿದೆ, ತರ್ತೀನಿ ತಾಳಿ!” ಎಂದು ಬಂದ ದಾರಿಯಲ್ಲೇ ಓಡಿದರು.

ಹೆಂಡತಿ ಅವನ ಬೆನ್ನು ಸವರುತ್ತಾ ಕೂತಳು. “ಅತ್ತುಬಿಡಿ. ಒಂದು ತಿಂಗಳ ಬಾಕಿ ಇದು,” ಎಂದಳು. ಅವನ ಬಿಕ್ಕು ನಿಲ್ಲುವವರೆಗೂ ಅತ್ತೆ ಕಾದರು. ಆಮೇಲೆ ಮೆಲ್ಲಗೆ, “ಪಿಟೀಲೇ ಇರ್ಲಿಲ್ವಲ್ಲ ಅಳಿಯಂದ್ರೇ?” ಎಂದು ಸಿಂಕಿನ ಕಡೆ ಬೆರಳು ತೋರಿಸಿದರು.

ಅವನು ಬಾಣಲೆ ಉಜ್ಜುತ್ತಿದ್ದಾಗ ಮುಂದಿನ ಬ್ರೇಕ್ ಬಂತು. ಹೆಂಡತಿ ವಾಲ್ಯೂಮ್ ಏರಿಸಿದಳು. “ಅಳಿಯಂದ್ರೇ, ಪಾತ್ರೆ ಹಾಳಾಗ್ಲಿ, ಓಡಿ ಬನ್ನಿ! ನಿಮ್ಮ ಗದ್ದಲ ಬಂದ!” ಎಂದು ಅತ್ತೆ ಕೂಗಿದರು.

ಸೌಂಡಪ್ಪ ಸೋಪಿನ ಕೈಯಲ್ಲೇ ಓಡಿದ. ಚೆಲ್ಲಿದ ಟೀ ಒರೆಸುವುದು ಯಾರಿಗೂ ನೆನಪಾಗಿರಲಿಲ್ಲ. ದಬಾರ್! ಅವನ ಮಂಡಿ ನೆಲಕ್ಕೆ ಬಡಿದ ಗಳಿಗೆಗೇ ಪರದೆಯ ಮೇಲೆ ಓಟಗಾರನೂ ಬಿದ್ದ. ಸ್ಟೇಡಿಯಂ ಸ್ತಬ್ಧ, ಮನೆಯೂ ಸ್ತಬ್ಧ. ಬಾಗಿಲಲ್ಲಿ ಎಣ್ಣೆಯ ಶೀಶೆ ಹಿಡಿದ ಡಾಕ್ಟರು.

ಹಿಂದಿನ ಸಾಲಿನಿಂದ ಗದ್ದಲ ಶಿಳ್ಳೆ ಹೊಡೆದ.

“ಏಳ್ರೀ,” ಎಂದಳು ಹೆಂಡತಿ, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ. “ನಿಮಗೇ ಹೊಡೀತಿರೋದು.”

ಸೌಂಡಪ್ಪ ಎದ್ದ. ಮಂಡಿಗೆ ಎಣ್ಣೆ ಹಚ್ಚಿಸಿಕೊಂಡ. ಯಾವ ಜಾಹೀರಾತಿಗೂ ಜಗ್ಗದ ಆ ಮಹಾಪುರುಷ ಮರುದಿನ ಅಂಗಡಿಗೆ ಕುಂಟುತ್ತಾ ಹೋಗಿ, ಅದೇ ಎಣ್ಣೆಯ ಅತಿ ದೊಡ್ಡ ಶೀಶೆಯನ್ನು ಕೊಂಡು ತಂದ. ಚೌಕಾಸಿಯನ್ನೂ ಮಾಡಲಿಲ್ಲ!