ಈರುಳ್ಳಿ ಅಂಗಡಿಯ ಮುಂದೆ ಏರಿದ ಸಂಬಳ

ಮಕ್ಕಳೇ, ನಿಮ್ಮ ಅಜ್ಜಿ ಬಾಯಿಲ್ಲದವಳು ಅಂತ ನೀವು ತಿಳಿದಿದ್ದೀರಿ. ರಸೆಲ್ ಮಾರುಕಟ್ಟೆಯಲ್ಲಿ ಕೇಳಿ ನೋಡಿ!

ಈರುಳ್ಳಿ ಬೆಲೆ ಆಕಾಶಕ್ಕೇರಿದ ವರ್ಷ ಅದು. ನಿಮ್ಮ ಅಜ್ಜ ಆಗಲೇ ತೀರಿಕೊಂಡಿದ್ದರು. ನಾನು ರಿಚರ್ಡ್ಸ್ ಟೌನಿನ ಸರೋಜಮ್ಮನವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ನಿಮ್ಮ ಅಮ್ಮ ಹತ್ತನೇ ತರಗತಿ. ತಿಂಗಳಿಗೆ ನೂರು ರೂಪಾಯಿ ಹೆಚ್ಚು ಸಿಗದಿದ್ದರೆ ಅವಳ ಟ್ಯೂಷನ್ ಬಿಡಿಸಬೇಕಿತ್ತು. ಕೇಳೋಣವೆಂದರೆ ಅಮ್ಮಾವ್ರ ಎದುರು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಸಂಬಳದ ಮಾತಾಡಲು ಹೋದಾಗಲೆಲ್ಲ "ಕಾಫಿ ತರ್ಲೇನ್ರೀ?" ಎಂದು ಕೇಳಿ ಬರುತ್ತಿದ್ದೆ. ಆ ವಾರ ಅಮ್ಮಾವ್ರು ಕುಡಿದ ಕಾಫಿಗೆ ಲೆಕ್ಕವಿಲ್ಲ!

ಕೊನೆಗೆ ಒಂದು ಘನವಾದ ಉಪಾಯ ಹೊಳೆಯಿತು. ನಾನು ಬಾಯಿ ಬಿಡುವುದೇ ಬೇಡ. ಅಮ್ಮಾವ್ರನ್ನೇ ಮಾರುಕಟ್ಟೆಗೆ ಕರೆದೊಯ್ದು ಬೆಲೆ ಕೇಳಿಸಿದರೆ ಸಾಕು, ಸಂಬಳ ತಾನಾಗಿಯೇ ಏರುತ್ತದೆ!

ಮರುದಿನವೇ ಕರೆದೊಯ್ದೆ. ಈರುಳ್ಳಿ ಅಂಗಡಿಯ ಬಾಷಾ ಭಾಯ್ ಬೆಲೆ ಹೇಳಿದ. ಅಮ್ಮಾವ್ರು ಎದೆ ಹಿಡಿದುಕೊಂಡರು. ಉಪಾಯ ಫಲಿಸಿತ್ತು. ನಾನು ಸುಮ್ಮನಿದ್ದಿದ್ದರೆ!

"ಏನಣ್ಣ, ಈರುಳ್ಳಿ ಮಾರ್ತಿಯೋ ಬಂಗಾರ ಮಾರ್ತಿಯೋ? ಅರ್ಧಕ್ಕ ಕೊಡ್ತಿ ಏನು, ಹೋಗ್ಲೇನು?" ಎಂದು ಸೆರಗು ಸಿಕ್ಕಿಸಿ ತಿರುಗಿ ನಡೆದೇಬಿಟ್ಟೆ.

"ಅಯ್ಯೋ, ಬಾರಮ್ಮಾ! ನೀನು ಬಂದ್ರೆ ನಮ್ದು ಅಂಗ್ಡಿ ಮುಚ್ಬೇಕು!" ಎನ್ನುತ್ತ ಅವನು ಅದೇ ಬೆಲೆಗೆ ತೂಗಿದ.

ಅಮ್ಮಾವ್ರು ಕಣ್ಣರಳಿಸಿದರು. "ಬೆಲೆ ಎಲ್ಲೇ ಏರಿದೆ? ನೀನಿದ್ರೆ ಏರೋದೇ ಇಲ್ವಲ್ಲ!"

ಹೋಯಿತು ಟ್ಯೂಷನ್! ಕಣ್ಣಲ್ಲಿ ನೀರು ತುಂಬಿತು. ಈರುಳ್ಳಿಯನ್ನು ಇನ್ನೂ ಹೆಚ್ಚಿಯೇ ಇರಲಿಲ್ಲ.

"ಯಾಕೇ, ಏನಾಯ್ತು?"

"ಮಗಳ ಟ್ಯೂಷನ್ ರೀ... ಸಂಬಳ..." ಎಂದಷ್ಟೇ ಉಸುರಿದೆ.

"ಅಷ್ಟೇನಾ? ಅದಕ್ಕೇನಾ ನಂಗೆ ಅಷ್ಟೊಂದು ಕಾಫಿ ಕುಡಿಸಿದ್ದು? ಮುಂದಿನ ತಿಂಗಳಿಂದ ಇನ್ನೂರು ಜಾಸ್ತಿ ಕೊಡ್ತೀನಿ, ಅಳ್ಬೇಡ."

ಅಂಗಡಿ ಮುಂದೆ ನಿಂತಾಗ ಯಾರಾದರೂ ಇನ್ನೂರು ಎಂದರೆ ನಾನು ಒಪ್ಪುವವಳೇ?

"ಇನ್ನೂರೆಲ್ಲ ಆಗಂಗಿಲ್ಲ! ನೂರೈವತ್ತು. ಕಡೀ ಮಾತು!" ಎಂದು ಮತ್ತೆ ತಿರುಗಿ ನಡೆದೆ.

ಹಿಂದಿನಿಂದ ಅಮ್ಮಾವ್ರು ನಗು ತಡೆಯಲಾರದೆ ಕೂಗಿದರು: "ಆಯ್ತು ಬಾರೇ, ನೂರೈವತ್ತೇ!"

"ಅಮ್ಮಾ, ನಮ್ದು ಅಂಗ್ಡೀಲೂ ಹಿಂಗೇ ಉಲ್ಟಾ ಚೌಕಾಸಿ ಮಾಡಮ್ಮಾ!" ಎಂದ ಬಾಷಾ ಭಾಯ್. ಹೊಟ್ಟೆಕಿಚ್ಚು ಎಂದುಕೊಂಡೆ.

ಹಲಸೂರಿನ ನಮ್ಮ ಬಾಡಿಗೆ ಕೋಣೆಗೆ ಯುದ್ಧ ಗೆದ್ದ ರಾಣಿಯಂತೆ ಬಂದೆ. ಟ್ಯೂಷನ್ ಉಳಿಯಿತು, ಮೇಲೆ ಐವತ್ತು ರೂಪಾಯಿ ಲಾಭ! ನಡೆದದ್ದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಕೇಳಿದ ನಿಮ್ಮ ಅಮ್ಮ ಹಣೆ ಚಚ್ಚಿಕೊಂಡಾಗಲೇ ನನಗೆ ಅರ್ಥವಾದದ್ದು.

ಮರುವರ್ಷ ಸಂಬಳ ಹೆಚ್ಚಿಸಿ ಎಂದು ಕೇಳಲು ಅಮ್ಮಾವ್ರ ಮನೆಯೊಳಗೆ ಹೋದವಳು ಅವಳೇ. ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿ!