ಚಿಕ್ಕಮ್ಮನ ಬಾವಲಿ ಕೊಂಬೆ

ನಮ್ಮ ಚಿಕ್ಕಮ್ಮನಿಗೆ ಇಪ್ಪತ್ತೆರಡು ಜಾತಿಯ ಬಾವಲಿಗಳ ವಂಶಾವಳಿ ಬಾಯಿಪಾಠ. ಯಾವುದಕ್ಕೆ ಯಾವುದು ಅಣ್ಣತಮ್ಮ, ಯಾವುದು ದೂರದ ದಾಯಾದಿ, ಯಾವ ಕೊಂಬೆ ಎಲ್ಲಿ ಕವಲೊಡೆಯಿತು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ನನ್ನ ಮಗಳು ಏಳನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಎಂದು ಕೇಳಿ ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತಾಳೆ! "ಬೇಜಾರು ಮಾಡ್ಕೋಬೇಡಮ್ಮ, ಬಾವಲಿಯಾಗಿ ಹುಟ್ಟಿದ್ರೆ ನಿನ್ ಮಗಳೂ ನೆನಪಿರ್ತಿದ್ಲು" ಎಂದು ಚಿಕ್ಕಪ್ಪ ಸಮಾಧಾನ ಹೇಳುತ್ತಾರೆ. ಇದು ಸಮಾಧಾನವೇ, ನೀವೇ ಹೇಳಿ!

ಚಿಕ್ಕಮ್ಮ ಎಂದರೆ ನಮ್ಮ ಅಮ್ಮನ ತಂಗಿ. ಬಸವೇಶ್ವರನಗರದಲ್ಲಿ ಮನೆ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಬಯಾಲಜಿ ಪಾಠ ಹೇಳಿ ಸ್ವಯಂನಿವೃತ್ತಿ ತೆಗೆದುಕೊಂಡಾಗ, ಇನ್ನೇನು ಹಪ್ಪಳ, ಸಂಡಿಗೆ, ಕಾಶಿಯಾತ್ರೆ ಎಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ಅವಳು ಹೋಗಿ ಪಿಎಚ್‌ಡಿಗೆ ಸೇರಿಕೊಂಡಳು. ಐವತ್ತಾರನೇ ವಯಸ್ಸಿನಲ್ಲಿ! ಗೈಡು ಯಾರು ಗೊತ್ತೇ? ಅವಳ ಹಳೇ ವಿದ್ಯಾರ್ಥಿ. ಪಾಪ, ಆ ಹುಡುಗ ಈಗ ದೊಡ್ಡ ಪ್ರೊಫೆಸರು. ಆದರೂ ಚಿಕ್ಕಮ್ಮ ಕೋಣೆಯೊಳಗೆ ಕಾಲಿಟ್ಟ ತಕ್ಷಣ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾನೆ.

"ಮೇಡಂ, ಈ ಚಾಪ್ಟರ್ ಇನ್ನೊಂದ್ಸಲ ನೋಡ್ಬಹುದಾ?" ಎಂದು ಅವನು ಅಂಜುತ್ತಾ ಕೇಳಿದರೆ ಇವಳ ಉತ್ತರ: "ನೋಡೋಣ. ಮೊದ್ಲು ನೀನು ಶರ್ಟ್ ಗುಂಡಿ ಸರಿಯಾಗಿ ಹಾಕ್ಕೊಳಪ್ಪಾ."

ಅವಳ ಸಂಶೋಧನೆ ಏನೆಂದು, ಶಾಲೆಯಲ್ಲಿ ಕನ್ನಡ ಮಿಸ್ಸಾದ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕತ್ತಲಲ್ಲಿ ಕೂಗಿ, ಆ ಕೂಗಿನ ಪ್ರತಿಧ್ವನಿ ಕೇಳಿಸಿಕೊಂಡು ಹುಳ ಹಿಡಿಯುವ ಪುಟ್ಟ ಬಾವಲಿಯೊಂದಿದೆ. ಅದರ ಕಿವಿಯನ್ನು ರೂಪಿಸುವ ಜೀನ್ ಎಂಬುದು ಅಕ್ಷರಗಳ ಒಂದು ಉದ್ದನೆಯ ಸಾಲು. ಕಾಲಕಾಲಕ್ಕೆ ಆ ಅಕ್ಷರಗಳು ಬದಲಾಗುತ್ತವೆ. ಕೆಲವು ಬದಲಾವಣೆಯಿಂದ ಅರ್ಥವೇ ಬೇರೆಯಾಗುತ್ತದೆ, ಕೆಲವುಗಳಿಂದ ಏನೂ ಆಗುವುದಿಲ್ಲ. ಎರಡನ್ನೂ ತೂಗಿ ನೋಡಿದರೆ ಒಂದು ಸಂಖ್ಯೆ ಸಿಗುತ್ತದೆ. ಅದರ ಹೆಸರು ಒಮೇಗಾ. ಒಂದಕ್ಕಿಂತ ಕಡಿಮೆ ಬಂದರೆ ಪ್ರಕೃತಿ ಆ ಜೀನನ್ನು ಕೆಡದಂತೆ ಕಾಯುತ್ತಿದೆ ಎಂದರ್ಥ. ಸರಿಯಾಗಿ ಒಂದು ಬಂದರೆ ಹೇಗಾದರೂ ಹೋಗಲಿ ಎಂದು ಬಿಟ್ಟಿದೆ. ಒಂದಕ್ಕಿಂತ ಹೆಚ್ಚು ಬಂತೋ, ಬದಲಾಗು ಬದಲಾಗು ಎಂದು ಬೆನ್ನ ಹಿಂದೆ ನಿಂತು ನೂಕುತ್ತಿದೆ! ಇದಕ್ಕೆ ಆಯ್ಕೆಯ ಒತ್ತಡ ಎನ್ನುತ್ತಾರಂತೆ. ವಂಶವೃಕ್ಷದಲ್ಲಿ ಯಾವ ಕೊಂಬೆಯ ಮೇಲೆ ಎಷ್ಟು ಒತ್ತಡ ಎಂದು ಅಳೆಯುವುದಕ್ಕೆ ಒಂದು ಸಾಫ್ಟ್‌ವೇರು. ನೋಡುವುದಕ್ಕೆ ಕರೀ ಪರದೆ, ಬಿಳೀ ಅಕ್ಷರ, ಒಂದು ಬಟನ್ ಕೂಡ ಇಲ್ಲ. ನಮಗೆ ಬೇಕಾದ ಕೊಂಬೆಗೆ ಒಂದು ಗುರುತು ಹಾಕಿ ಓಡಲು ಬಿಟ್ಟರೆ, ಅದು ತನ್ನ ಪಾಡಿಗೆ ಎರಡು ದಿನ ಓಡುತ್ತದೆ.

ಈ "ಒತ್ತಡ" ಎಂಬ ಪದದಿಂದ ಆದ ಅವಾಂತರ ಒಂದೆರಡಲ್ಲ. ಒಂದು ಬೆಳಿಗ್ಗೆ ಚಿಕ್ಕಮ್ಮ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ನನಗೆ ಕೂಗಿ ಹೇಳುತ್ತಿದ್ದಳು: "ನಿನ್ನೆಯಿಂದ ಒತ್ತಡ ಏರ್ತಾನೇ ಇದೆ ಕಣೇ! ಇನ್ನೊಂದು ರೌಂಡು ನೋಡ್ಬೇಕು!" ಹತ್ತು ನಿಮಿಷದಲ್ಲಿ ಪಕ್ಕದ ಮನೆ ಆಂಟಿ ಒಂದು ಕಟ್ಟು ನುಗ್ಗೆಸೊಪ್ಪು ಹಿಡಿದು ಓಡಿ ಬಂದರು. "ಉಪ್ಪು ಕಮ್ಮಿ ಮಾಡ್ಬಿಡಿ ಮೇಡಂ, ಬಿಪಿ ಆಟ ಆಡೋ ವಿಷ್ಯ ಅಲ್ಲ."

"ನಂಗಲ್ಲ ರೀ, ಬಾವಲಿಗೆ" ಎಂದಳು ಚಿಕ್ಕಮ್ಮ. ಆಂಟಿ ಸೊಪ್ಪು ಕೊಟ್ಟು ಹಿಂದಕ್ಕೆ ಹಿಂದಕ್ಕೆ ನಡೆದು ಗೇಟು ದಾಟಿದರಂತೆ. ಅವತ್ತು ಮಧ್ಯಾಹ್ನ ಚಿಕ್ಕಪ್ಪ ನುಗ್ಗೆಸೊಪ್ಪಿನ ಪಲ್ಯ ಮಾಡಿದರು. ಚೆನ್ನಾಗಿತ್ತು.

ಇನ್ನು ಮಹಾಲಕ್ಷ್ಮಿ ಲೇಔಟಿನಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಂಕುಳಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಚಿಕ್ಕಮ್ಮ ಬಂದಳು. ಸಾಫ್ಟ್‌ವೇರು ಓಡುತ್ತಿತ್ತು, ಬ್ಯಾಟರಿ ಮುಗಿಯುತ್ತಿತ್ತು. ಹೊಸ ಮನೆ; ಕರೆಂಟು ಇದ್ದದ್ದು ಹಿತ್ತಲಿನ ಒಂದೇ ಪ್ಲಗ್ಗಿನಲ್ಲಿ. ಅದಕ್ಕೆ ಚಟ್ನಿ ರುಬ್ಬುವ ಗ್ರೈಂಡರ್ ಹಾಕಿತ್ತು. ಇವಳು ಆಚೆ ಈಚೆ ನೋಡಿದಳು, ಕಿತ್ತಳು, ತನ್ನದನ್ನು ಸಿಕ್ಕಿಸಿದಳು.

"ಯಾರ್ರೀ ಪ್ಲಗ್ ಕಿತ್ತಿದ್ದು?" ಎಂದು ಅಡುಗೆ ಭಟ್ಟರು ಅಬ್ಬರಿಸಿದರು.

"ನಾನೇ. ಸ್ವಲ್ಪ ತಡೀರಿ ಭಟ್ರೇ, ಇಪ್ಪತ್ತೆರಡು ಬಾವಲಿ ಅರ್ಧಕ್ಕೆ ನಿಂತೋಗ್ತವೆ."

"ಬಾವಲೀನಾ? ಅಡುಗೆ ಮಾಡೋ ಜಾಗದಲ್ಲಾ?"

ಭಟ್ಟರು ಸೌಟು ಬಿಸಾಕಿ ಬೀದಿಗೆ ಬಂದುಬಿಟ್ಟರು. ಅವರನ್ನು ಒಪ್ಪಿಸಿ ಒಳಗೆ ಕರೆತರುವಷ್ಟರಲ್ಲಿ ನೆಂಟರೆಲ್ಲ ಬರೀ ಸಾಂಬಾರಿನಲ್ಲಿ ಇಡ್ಲಿ ತಿಂದಿದ್ದರು. ಅದನ್ನೂ ಸೌಟಿನಲ್ಲಿ ಕಲಕಿ ಕಲಕಿ, ತಳ ನೋಡಿಕೊಂಡು!

ಕೊನೆಗೆ ಒಂದು ದಿನ ಆ ಪುಟ್ಟ ಬಾವಲಿಯ ಕೊಂಬೆಯಲ್ಲಿ ಒಮೇಗಾ ಒಂದನ್ನು ದಾಟಿ ಎಲ್ಲಿಗೋ ಹಾರಿತು. ಮೂರು ವರ್ಷದಿಂದ ಚಿಕ್ಕಮ್ಮ ಕಾಯುತ್ತಿದ್ದದ್ದು ಅದನ್ನೇ. ಗೈಡು ಫೋನಿನಲ್ಲೇ ಚಪ್ಪಾಳೆ ತಟ್ಟಿದನಂತೆ. ಚಿಕ್ಕಪ್ಪ ಒಂದು ದೊಡ್ಡ ಡಬ್ಬ ಮೈಸೂರುಪಾಕು ತಂದು ರಸ್ತೆಯ ಮನೆಮನೆಗೂ ಹಂಚಿದರು. ಎದುರುಮನೆಯ ಅಜ್ಜಿ ಮುಖ ಅರಳಿಸಿ, "ಗಂಡೋ ಹೆಣ್ಣೋ?" ಎಂದು ಕೇಳಿದರು.

"ಬಾವಲಿ" ಎಂದರು ಚಿಕ್ಕಪ್ಪ.

ಆಮೇಲೆ ಆದದ್ದನ್ನು ತಮಾಷೆಯಾಗಿ ಹೇಳಲು ನನಗೆ ಬರುವುದಿಲ್ಲ.

ತಜ್ಞರ ಮುಂದೆ ಫಲಿತಾಂಶ ಮಂಡಿಸುವ ದಿನ ಗೊತ್ತಾಯಿತು. ಅದಕ್ಕೆ ಒಂದು ವಾರ ಇದ್ದಾಗ ಚಿಕ್ಕಮ್ಮ ಫೋನ್ ಮಾಡಿದಳು. "ನಾಳೆ ರಜಾ ಹಾಕೇ. ನಂಬರ್ ಯಾಕೋ ತುಂಬಾ ಚೆನ್ನಾಗಿದೆ, ನಂಗೆ ಸಮಾಧಾನ ಇಲ್ಲ. ನೀನು ಕಾಗುಣಿತದ ತಪ್ಪು ಹುಡುಕೋಳಲ್ವಾ, ಕೂತ್ಕೊಂಡು ಓದು."

ಹೋದೆ. ಊಟದ ಮೇಜಿನ ತುಂಬಾ ಕಾಗದ. ಇಪ್ಪತ್ತೆರಡು ಬಾವಲಿಗಳ ಅಕ್ಷರಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ಅಚ್ಚು ಹಾಕಿದ್ದಳು. ಜೀನಿನ ಭಾಷೆಯಲ್ಲಿ ಪ್ರತಿ ಪದಕ್ಕೂ ಮೂರೇ ಅಕ್ಷರ. ನಾನು ಗಟ್ಟಿಯಾಗಿ ಓದುವುದು, ಅವಳು ಟಿಕ್ ಹಾಕುವುದು. ಎರಡನೆಯ ದಿನ ಮಧ್ಯಾಹ್ನ ನಮ್ಮ ಪುಟ್ಟ ಬಾವಲಿಯ ಸಾಲಿಗೆ ಬಂದೆವು. ಅರ್ಧದವರೆಗೆ ಎಲ್ಲರ ಹಾಗೇ ಇದ್ದದ್ದು ಇದ್ದಕ್ಕಿದ್ದಂತೆ ಬೇರೆ ಭಾಷೆ ಮಾತಾಡತೊಡಗಿತು. "ಅವನ ಮಗಳು ಕಮಲ" ಎಂದು ಬರೆಯಿರಿ. ಮೊದಲ ಅಕ್ಷರ ಅಳಿಸಿ, ಮತ್ತೆ ಮೂರು ಮೂರಾಗಿ ಓದಿ: "ವನಮ ಗಳುಕ ಮಲ." ಒಂದೇ ಒಂದು ಅಕ್ಷರ ಹೋದದ್ದಕ್ಕೆ ಆ ಹುಡುಗಿಯ ಗತಿ ಏನಾಯಿತು ನೋಡಿ! ಇಲ್ಲೂ ಅದೇ ಆಗಿತ್ತು. ಒಂದು ಅಕ್ಷರ ಬಿಟ್ಟುಹೋಗಿತ್ತು. ಮುಂದೆ ಎಲ್ಲೋ ಒಂದು ಹೆಚ್ಚಾಗಿ ಸೇರಿತ್ತು. ಒಟ್ಟು ಎಣಿಕೆ ಸರಿಯಿದ್ದುದರಿಂದ ಸಾಫ್ಟ್‌ವೇರು ಕಮಕ್ ಕಿಮಕ್ ಎಂದಿರಲಿಲ್ಲ. ನಡುವಿನ ಪದಗಳೆಲ್ಲ ಬದಲಾದಂತೆ ಕಂಡು, ಆಹಾ ಎಂಥ ಒತ್ತಡ ಎಂದು ಲೆಕ್ಕ ಒಪ್ಪಿಸಿತ್ತು.

ಹಿಂದೊಮ್ಮೆ ಆ ಸಾಲನ್ನು ಕೈಯಾರೆ ಜೋಡಿಸಿದ್ದವಳು ಚಿಕ್ಕಮ್ಮನೇ. ಅವಳು ತನ್ನ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡಳು. ತಿದ್ದಿದಳು. ಮತ್ತೆ ಓಡಲು ಬಿಟ್ಟಳು. ಎರಡು ದಿನದ ನಂತರ ಉತ್ತರ ಬಂತು: ಒಮೇಗಾ ಒಂದಕ್ಕಿಂತ ಎಷ್ಟೋ ಕೆಳಗೆ. ಚಿಕ್ಕಪ್ಪ ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು.

ನಾನು ಪಾಪಿ, ಬಾಯಿ ಬಿಟ್ಟೆ. "ಚಿಕ್ಕಮ್ಮ, ಯಾರಿಗ್ ಗೊತ್ತಾಗತ್ತೆ? ಬಾವಲಿ ಬಂದು ಕೇಸ್ ಹಾಕತ್ತಾ?"

ಅವಳು ಬೈಯಲಿಲ್ಲ. "ನಂಗ್ ಗೊತ್ತಾಯ್ತಲ್ಲೇ" ಎಂದಳು, ಅಷ್ಟೇ. ಆಮೇಲೆ ಗೈಡಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಮೇಡಂ... ಡೇಟ್ ಮುಂದಕ್ಕೆ ಹಾಕ್ಸೋಣ್ವಾ?"

"ಬೇಡಪ್ಪಾ. ತಪ್ಪಾಗಿದೆ ಅಂತ ಹೇಳೋಕೆ ಎಷ್ಟು ತಯಾರಿ ಬೇಕು?"

ಆ ದಿನ ನಾನೂ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಸಭೆಯ ತುಂಬಾ ಅವಳ ಅರ್ಧ ವಯಸ್ಸಿನವರು. ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡು ವೇದಿಕೆ ಹತ್ತಿ, "ನಾನು ನಿಮಗೆ ಕಳಿಸಿದ್ದ ಸಾರಾಂಶ ತಪ್ಪು. ತಪ್ಪು ನನ್ನದೇ" ಎಂದು ಶುರು ಮಾಡಿದಳು. ಎಲ್ಲಿ ಅಕ್ಷರ ಜಾರಿತ್ತು ಎಂದು ಪರದೆಯ ಮೇಲೆ ತೋರಿಸಿದಳು. ಮುಂದಿನ ಸಾಲಿನಿಂದ ಒಬ್ಬ ತಜ್ಞರು, "ಹಾಗಾದ್ರೆ ಇನ್ನೇನು ಉಳೀತು ಮೇಡಂ?" ಎಂದರು. ನನಗೆ ಎದ್ದು ಹೋಗಿ ಅವರ ತಲೆಯ ಮೇಲೆ ನೀರು ಸುರಿಯಬೇಕೆನಿಸಿತು.

"ಉತ್ತರ ಉಳೀತು ಸಾರ್" ಎಂದಳು ಚಿಕ್ಕಮ್ಮ. "ಈ ಜೀನ್ ಬದಲಾಗಲಿ ಅಂತ ಪ್ರಕೃತಿ ಒತ್ತಡ ಹಾಕ್ತಿದೆ ಅಂದ್ಕೊಂಡಿದ್ದೆ. ಇಲ್ಲ. ಇದನ್ನ ಹಾಳಾಗದ ಹಾಗೆ ಕಾಪಾಡ್ಕೊಂಡು ಬಂದಿದೆ. ನಾನು ಆಸೆಪಟ್ಟ ಉತ್ತರ ಇದಲ್ಲ. ಆದ್ರೆ ಇದು ನಿಜ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡು ಅಧ್ಯಾಯ ಹೊಸದಾಗಿ ಬರೆಯಬೇಕು, ಇನ್ನೂ ಒಂದೂವರೆ ವರ್ಷ ಬೇಕು ಎಂದು ತೀರ್ಮಾನವಾಯಿತು. ಗೈಡು ಗೇಟಿನವರೆಗೂ ಬಂದು, ಅವಳ ಲ್ಯಾಪ್‌ಟಾಪು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು ಹೋದ.

ಮೆಟ್ರೋದಲ್ಲಿ ಸೀಟು ಸಿಕ್ಕಿತು. ಮೆಜೆಸ್ಟಿಕ್ ದಾಟಿದ ಮೇಲೆ ಚಿಕ್ಕಮ್ಮ ಮಾತಾಡಿದಳು. "ಮೂವತ್ತು ವರ್ಷ ಬೇರೆಯವರು ಕಂಡುಹಿಡಿದಿದ್ದನ್ನ ಪಾಠ ಮಾಡಿದೆ ಕಣೇ. ಒಂದೇ ಒಂದು ವಾಕ್ಯ ನಾನೇ ಕಂಡುಹಿಡಿದು ಹೇಳ್ಬೇಕು ಅಂತಿತ್ತು. ಇವತ್ತು ಹೇಳಿದೆ, ಅಲ್ವಾ? ಚಿಕ್ಕದೇ."

ಹೌದು ಎಂದು ತಲೆಯಾಡಿಸಿದೆ. ಇಷ್ಟು ವರ್ಷ ಈ ಹೆಂಗಸನ್ನು ಮನೆಮಂದಿಯೆಲ್ಲ ಸೇರಿ ಆಡಿಕೊಂಡು ನಕ್ಕಿದ್ದೇವಲ್ಲ. ಅವಳಿಗೆ ಏನು ಬೇಕಾಗಿತ್ತು ಎಂದು ಒಬ್ಬರಾದರೂ ಕೇಳಿದ್ದೆವೆ? ನಾನು ತಿರುಗಿ ನೋಡುವಷ್ಟರಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಎಷ್ಟು ದಿನದ ನಿದ್ದೆಯೋ! ಹೊಸಹಳ್ಳಿ ಬಂತು, ಇಳಿಯಬೇಕಿತ್ತು. ಬಾಗಿಲು ತೆರೆಯಿತು, ಮುಚ್ಚಿತು. ನಾನು ಅಲುಗಾಡಲಿಲ್ಲ.

ಚಿಕ್ಕಪ್ಪನ ಫೋನ್ ಬಂತು. "ಎಲ್ಲಿದೀರಮ್ಮಾ?"

"ಕೆಂಗೇರಿ ಕಡೆ ಹೋಗ್ತಾ ಇದೀವಿ ಚಿಕ್ಕಪ್ಪ" ಎಂದೆ ಪಿಸುದನಿಯಲ್ಲಿ.

"ಕೆಂಗೇರಿಗಾ? ಯಾಕೆ?"

"ಚಿಕ್ಕಮ್ಮ ಮಲ್ಕೊಂಡಿದಾಳೆ."

"ಮಲಗಲಿ ಬಿಡು" ಎಂದರು. "ಕೊನೇ ಸ್ಟೇಷನ್ ತನಕ ಹೋಗಿ ಅದೇ ಟ್ರೈನಲ್ಲೇ ವಾಪಸ್ ಬನ್ನಿ. ಎಬ್ಬಿಸ್ಬೇಡ. ನಾನು ಅಷ್ಟರಲ್ಲಿ ಅನ್ನಕ್ಕಿಟ್ಟಿರ್ತೀನಿ."