ಖರಖರ ರಾಯರು ಶೆಡ್ ನಿಲ್ಲಿಸಿದ್ದು

ಇದು ಕಟ್ಟುಕತೆಯಲ್ಲ, ನಟ್ಟು ಬೋಲ್ಟು ಹಾಕಿ ಕಟ್ಟಿದ ಕತೆ. ನಂಬದವರು ರಾಯರ ಹಿತ್ತಲಿಗೆ ಹೋಗಿ ನೋಡಬಹುದು. ತಗಡಿನ ಶೆಡ್ಡೊಂದು, ಗುಟ್ಟು ಕೇಳಿಸಿಕೊಳ್ಳುವವರ ಹಾಗೆ ಪಕ್ಕದ ಮನೆಯ ಕಡೆಗೆ ವಾಲಿಕೊಂಡು, ಇವತ್ತಿಗೂ ನಿಂತಿದೆ.

ಬೀದಿಯಲ್ಲೂ ಕಚೇರಿಯಲ್ಲೂ ಅವರಿಗಿದ್ದ ಹೆಸರು ಖರಖರ ರಾಯರು. ಕೆಟ್ಟ ಹಳೇ ರೇಡಿಯೋ ಎಲ್ಲಿ ಕಂಡರೂ ತಬ್ಬಲಿ ಮಗುವಿನಂತೆ ಎತ್ತಿಕೊಂಡು ಬರುವುದು, ಬಿಚ್ಚುವುದು, ಮುಚ್ಚುವುದು ಅವರ ಚಟ. ಅವರ ಕೈಯಲ್ಲಿ ರಿಪೇರಿಯಾದ ರೇಡಿಯೋಗಳೆಲ್ಲ ಹಿಡಿಯುತ್ತಿದ್ದುದು ಒಂದೇ ನಿಲಯ: ಖರಖರ. ಮನೆಯ ಹಿಂದಿನ ಕೋಣೆ ಪೂರ್ತಿ ಅವೇ ತುಂಬಿದ್ದವು. ಅವನ್ನಿಡಲೆಂದೇ ರಾಯರು ಶೆಡ್ಡೊಂದನ್ನು ತರಿಸಿದ್ದರು. ಬಿಡಿಭಾಗಗಳನ್ನು ನಾವೇ ಜೋಡಿಸಿಕೊಳ್ಳಬೇಕಾದದ್ದು. ಅದು ಪೆಟ್ಟಿಗೆಯೊಳಗೇ ತಿಂಗಳುಗಟ್ಟಲೆ ನಡುಮನೆಯಲ್ಲಿ ಮಲಗಿ, ಓಡಾಡುವವರ ಕಾಲ್ಬೆರಳುಗಳನ್ನು ವಿಚಾರಿಸಿಕೊಳ್ಳುತ್ತಿತ್ತು. "ಈ ಭಾನುವಾರ ಖಂಡಿತ" ಎಂದು ರಾಯರು ಪ್ರತಿ ಶನಿವಾರ ಹೇಳುತ್ತಿದ್ದರು.

ಅಂಥದೊಂದು ಭಾನುವಾರ ಬೆಳಿಗ್ಗೆ ಹೆಂಡತಿ ಫೋನು ತಂದು ಅವರ ಕಿವಿಗೆ ಹಿಡಿದರು. "ರೀ, ನಮ್ಮಮ್ಮ."

"ಅಳಿಯಂದಿರೇ, ಸಂಜೆ ಐದಕ್ಕೆ ಬರ್ತಿದ್ದೀನಿ. ಹಿಂದಿನ ಕೋಣೆ ಖಾಲಿ ಇರಬೇಕು, ತಿಳೀತಾ? ಒಂದೇ ಒಂದು ರೇಡಿಯೋ ಕಣ್ಣಿಗೆ ಬಿದ್ರೂ ಎಲ್ಲಾನೂ ಗುಜರಿಗೆ ಹಾಕಿಸ್ತೀನಿ, ತಿಳೀತಾ?"

ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. "ತಿಳೀತು" ಎನ್ನುವಷ್ಟರಲ್ಲಿ ರಾಯರು ತಮಗರಿವಿಲ್ಲದೆಯೇ ಎದ್ದು ನಿಂತು ಕೈ ಕಟ್ಟಿಕೊಂಡಿದ್ದರು. ಆಕೆ ಮಾತಿಗೆ ತಪ್ಪುವವರಲ್ಲ. ಸಂಜೆಯೊಳಗೆ ಶೆಡ್ ಏಳಬೇಕು. ಇಲ್ಲದಿದ್ದರೆ ರೇಡಿಯೋಗಳಿಗೆ ಉಳಿಗಾಲವಿಲ್ಲ.

ಪೆಟ್ಟಿಗೆ ಹಿತ್ತಲಿಗೆ ಹೊರಟಿತು. ಬಿಚ್ಚಿದಾಗ ತಗಡಿನ ಹಲಗೆಗಳು, ಒಂದು ಚೀಲ ಸ್ಕ್ರೂ ಮತ್ತು ಒಂದು ಚಿತ್ರಪಟ ಸಿಕ್ಕವು. ಪಟದಲ್ಲಿ ಅಕ್ಷರವೇ ಇರಲಿಲ್ಲ. ಬೋಳುತಲೆಯವನೊಬ್ಬ ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೂ ನಗುನಗುತ್ತಲೇ ಶೆಡ್ ಕಟ್ಟಿ ಮುಗಿಸಿದ್ದ. ಪುಣ್ಯಾತ್ಮನಿಗೆ ನೆರೆಹೊರೆ ಇದ್ದ ಹಾಗೆ ಕಾಣಲಿಲ್ಲ.

ರಾಯರಿಗಿತ್ತು. ಕಾಂಪೌಂಡಿನ ಮೇಲೆ ಮೊದಲು ಮೂಡಿದ್ದು ಪಕ್ಕದ ಮನೆಯ ಹಲೋ ಮಾಮ. ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಾಗಿಲು ತಟ್ಟಿದರೂ "ಹಲೋ" ಎನ್ನುವವರು. ಅವರ ಹಿಂದೆಯೇ ಎದುರುಮನೆಯ ಡ್ರಿಲ್ ಮಾಸ್ತರು, ಕೊರಳಲ್ಲಿ ಸೀಟಿ ಸಮೇತ.

"ಏನ್ ರಾಯರೇ, ಕೊನೆಗೂ ಮುಹೂರ್ತ ಬಂತಾ!" ಎಂದರು ಮಾಮ.

"ಅತ್ತೆ ಬರ್ತಿದ್ದಾರೆ ಮಾಮ, ಐದಕ್ಕೆ."

"ಅಯ್ಯೋ ಪಾಪ" ಎಂದ ಮಾಮನಿಗೆ ಅದೇನೋ ಕೆಮ್ಮು ಬಂತು. ಹಿತ್ತಲ ಬಾಗಿಲಲ್ಲಿದ್ದ ರಾಯರ ಹೆಂಡತಿ ತಟಕ್ಕನೆ ಒಳಗೆ ಹೋದರು.

ಮಾಸ್ತರು ಹೊಣೆ ಹೊತ್ತುಕೊಂಡರು. ಅಂದರೆ ಅವರು ಸೀಟಿ ಊದಿದರು, ರಾಯರು ಹೊತ್ತರು. ಒಂದು ಸೀಟಿಗೆ ಎತ್ತಬೇಕು, ಎರಡಕ್ಕೆ ಇಳಿಸಬೇಕು. ನಡುವೆ ಬೀದಿಯಲ್ಲಿ ಯಾರದೋ ಕುಕ್ಕರ್ ಎರಡು ಸಲ ಕೂಗಿತು. ರಾಯರು ವಿಧೇಯತೆಯಿಂದ ಎರಡನೇ ಗೋಡೆಯನ್ನು ಇಳಿಸಿದರು, ತಮ್ಮ ಪಾದದ ಮೇಲೆ.

"ಶಿಸ್ತು ಇದೆ ಕಣ್ರೀ ನಿಮಗೆ!" ಎಂದು ಮಾಸ್ತರು ಮೆಚ್ಚಿಕೊಂಡರು.

ಮೂರು ಗೋಡೆ ನಿಂತ ಮೇಲೆ ಮಾಮ ತಲೆ ಓರೆ ಮಾಡಿ ನೋಡಿದರು. "ರಾಯರೇ, ಗಾಳಿಕಿಂಡಿ ನೆಲದ ಹತ್ರ ಯಾಕಿದೆ?"

"ಇಲಿಗಳಿಗೂ ಗಾಳಿ ಬೇಡವಾ?" ಎಂದರು ರಾಯರು ಸಿಡುಕಿ. ಆದರೂ ಬಿಚ್ಚಿದರು, ತಲೆಕೆಳಗಾದ ಗೋಡೆಗಳನ್ನು ನೆಟ್ಟಗೆ ಮಾಡಿದರು. ನಾಲ್ಕನೆಯದನ್ನು ಒಳಗಿನಿಂದ ಹಿಡಿದುಕೊಂಡಾಗ ಇಬ್ಬರೂ ಹೊರಗಿನಿಂದ ಉತ್ಸಾಹದಲ್ಲಿ ಬಿಗಿದುಬಿಟ್ಟರು. ಬಾಗಿಲನ್ನೂ ಕೂಡಿಸಿ ಚಿಲಕ ಹಾಕಿ ಪರೀಕ್ಷೆ ಮಾಡಿದರು.

"ಚಿಲಕ ಭದ್ರವಾಗಿದೆಯೇನ್ರೀ?" ಎಂದು ಮಾಸ್ತರು ಕೇಳಿದರು.

"ಭದ್ರವಾಗೇ ಇದೆ, ತೆಗೀರಿ!" ಎಂದು ಒಳಗಿನಿಂದ ದನಿ ಬಂತು. ಡಬ್ಬಿಯೊಳಗೆ ಸಿಕ್ಕಿಬಿದ್ದ ಜೀರುಂಡೆ ಮಾತಾಡಿದ ಹಾಗಿತ್ತು.

ಆಮೇಲೆ ಚಾವಣಿ. ಅದನ್ನು ಎತ್ತಿ ಹಿಡಿದು ರಾಯರು ಸ್ಟೂಲಿನ ಮೇಲೆ ನಿಂತಿದ್ದೇ ತಡ, ಎಲ್ಲಿತ್ತೋ ಗಾಳಿ, ಬೀಸಿತು. ಮಾಸ್ತರು ಗಾಬರಿಯಲ್ಲಿ ಎಷ್ಟು ಸೀಟಿ ಊದಿದರೋ ಲೆಕ್ಕವಿಲ್ಲ. ರಾಯರು ಎತ್ತಿ ಇಳಿಸಿ, ಎತ್ತಿ ಇಳಿಸಿ, ರೆಕ್ಕೆ ಬಡಿಯುವ ಕೊಕ್ಕರೆಯಾಗಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹೋಗಿ ಬಿದ್ದರು. ಚಾವಣಿ ಮಾಮನ ಹಿತ್ತಲು ಸೇರಿತು.

ಗಡಿಯಾರ ನೋಡಿದರೆ ಮೂರು ದಾಟಿತ್ತು. ಇಬ್ಬರೂ ಚಾವಣಿ ತರಲು ಹೋದ ಸಮಯ ನೋಡಿ, ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತು ರಾಯರು ಅತ್ತೆಗೆ ಫೋನು ಹಚ್ಚಿದರು.

"ಅತ್ತೆ, ಐದಕ್ಕೆ ಬೇಡಿ. ಏಳಕ್ಕೆ ಬನ್ನಿ."

"ಎಲ್ಲಿಗೆ?"

ಸಿಟ್ಟು ಬಂದಿದೆ ಎಂದುಕೊಂಡರು ರಾಯರು. "ನಮ್ಮನೆಗೇ ಅತ್ತೆ! ನಿಮ್ಮನೆ ಅಂದ್ಕೊಳ್ಳಿ. ಎಷ್ಟು ದಿನ ಬೇಕಾದ್ರೂ ಇರಿ. ಸಾಮಾನು ಎಷ್ಟಿದ್ರೂ ತನ್ನಿ, ಹೊಸ ಶೆಡ್ಡೇ ಕಟ್ತಿದ್ದೀನಿ."

ಆ ಕಡೆ ಮೂಗೊರೆಸಿಕೊಂಡ ಸದ್ದು. "ಆಗ್ಲಿ ಅಳಿಯಂದಿರೇ" ಎಂದಿತು ದನಿ, ಯಾವತ್ತೂ ಇಲ್ಲದಷ್ಟು ಮೆತ್ತಗೆ.

ಬದುಕಿದೆ ಎಂದುಕೊಂಡು ರಾಯರು ಹೊಸ ಹುರುಪಿನಲ್ಲಿ ಸ್ಟೂಲು ಹತ್ತಿದರು. ಹೊತ್ತು ಇಳಿಯುವಷ್ಟರಲ್ಲಿ ಚಾವಣಿ ಕೂತಿತು. ಶೆಡ್ ಸ್ವಲ್ಪ ವಾಲಿತ್ತು, ಆದರೆ ನಿಂತಿತ್ತು. ರೇಡಿಯೋಗಳನ್ನು ಒಂದೊಂದಾಗಿ ತಂದು ಹಿತ್ತಲ ತುಂಬ ಸಾಲಾಗಿ ಇಟ್ಟು, ಇನ್ನೇನು ಒಳಗೆ ಜೋಡಿಸಬೇಕು, ಬೆನ್ನ ಹಿಂದೆ ಗುಡುಗಿತು:

"ಅಳಿಯಂದಿರೇ! ಶೆಡ್ ಸೊಟ್ಟಗಿದೆ, ತಿಳೀತಾ?"

ರಾಯರು ಅಟೆನ್ಷನ್ನಿಗೆ ಬಂದರು. ಮೆಲ್ಲನೆ ತಿರುಗಿದರು. ಅತ್ತೆಯಿರಲಿಲ್ಲ. ಹಲೋ ಮಾಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಮಾಸ್ತರು ನಗುತ್ತ ಊದಿದ್ದರಿಂದ ಸೀಟಿ ಬಿಕ್ಕುತ್ತಿತ್ತು.

"ಹಾಗಾದ್ರೆ... ಬೆಳಿಗ್ಗೆ ಫೋನು?"

"ನಾನೇ ರೀ! ಆಯಸ್ಸೆಲ್ಲ ಊರಿನವರ ದನಿ ಕೇಳಿದ್ದೀನಿ, ಒಂದು ಅತ್ತೆ ದನಿ ತೆಗೆಯೋಕಾಗಲ್ವಾ?"

"ಇನ್ನೇನ್ರೀ ಮಾಡೋದು?" ಎಂದರು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ನನ್ನ ಮಾತಿಗೆ ಏಳಲಿಲ್ಲ, ಅಮ್ಮನ ಹೆಸರಿಗೆ ಎದ್ರಿ. ಅಮ್ಮನಿಗೆ ಇದೊಂದೂ ಗೊತ್ತಿಲ್ಲ ಪಾಪ. ಆರಾಮಾಗಿ ಅವಳ ಮನೇಲಿದ್ದಾಳೆ."

"ಇಲ್ಲ" ಎಂದರು ರಾಯರು.

"ಏನಿಲ್ಲ?"

ಉತ್ತರ ಗೇಟಿನ ಕಡೆಯಿಂದ ಬಂತು. ಒಂದು ಗೂಡ್ಸ್ ಆಟೋ ನಿಂತಿತು. ಅದರೊಳಗೆ ಟ್ರಂಕುಗಳು, ಹೊಲಿಗೆಯಂತ್ರ, ಒಂದು ಬೀರು, ಎಲ್ಲದರ ಮುಂದೆ ಚಾಲಕನ ಪಕ್ಕ ಅತ್ತೆ.

"ಮಗಳಿಗಂತೂ ಕರೆಯೋಕೆ ತೋಚಲಿಲ್ಲ" ಎಂದರು ಇಳಿಯುತ್ತ. "ಅಳಿಯಂದಿರೇ ಕರೆದ್ರು, 'ಎಷ್ಟು ದಿನ ಬೇಕಾದ್ರೂ ಇರಿ' ಅಂತ. ಮನೆ ಬಾಡಿಗೆಗೆ ಕೊಡ್ತೀನಿ ಅಂತ ಪಕ್ಕದವರಿಗೆ ಹೇಳೇ ಬಂದೆ, ತಿಳೀತಾ?"

ಹೆಂಡತಿಯ ಸೆರಗು ಬಾಯಿಂದ ಜಾರಿತು. ಅಮ್ಮ ಬಂದರೆ ಮೊದಲು ತಪಾಸಣೆಯಾಗುವುದು ಅಡುಗೆಮನೆ. ಮಾಸ್ತರು ಸೀಟಿಯನ್ನು ಅಂಗಿಯೊಳಗೆ ಬಚ್ಚಿಟ್ಟರು.

"ಇದೇನು, ಬೀದಿ ತಿರುವಿನ ತನಕ ನನ್ನದೇ ದನಿ ಕೇಳಿಸ್ತು?" ಎಂದು ಅತ್ತೆ ಸುತ್ತ ನೋಡಿದರು. "ಯಾರು ಅದು?"

ರಾಯರ ಬೆರಳು ಮಾಮನ ಕಡೆಗೆ ತಾನಾಗಿಯೇ ಎದ್ದಿತು.

"ಎಲ್ಲಿ, ಇನ್ನೊಂದ್ಸಲ ಹೇಳಿ."

"ಅಳಿ... ಅಳಿಯಂದಿರೇ" ಎಂದರು ಮಾಮ, ಉಡುಗಿಹೋದ ದನಿಯಲ್ಲಿ.

"ಸಾಲದು. ದಿನಾ ಬೆಳಿಗ್ಗೆ ಬಂದು ಅಭ್ಯಾಸ ಮಾಡಿ. ಈಗ ಆ ಬೀರು ಹಿಡ್ಕೊಳ್ಳಿ, ಶೆಡ್ಡಿಗೆ ಹೋಗಲಿ."

ಬೀರು ಹೋಯಿತು, ಟ್ರಂಕುಗಳು ಹೋದವು, ಹೊಲಿಗೆಯಂತ್ರದೊಂದಿಗೆ ಶೆಡ್ ಭರ್ತಿಯಾಯಿತು. ಹಿಂದಿನ ಕೋಣೆ ಅತ್ತೆಗಾಯಿತು. ರೇಡಿಯೋಗಳು ಬಯಲಲ್ಲೇ ಉಳಿದವು. ಅವುಗಳ ನಡುವೆ ರಾಯರು ಕೂತಿದ್ದರು, ಮೊಣಕಾಲಿಗೆ ತಗಡು ಗೀರಿದ ಗಾಯ, ಕೂದಲಲ್ಲಿ ಬಟ್ಟೆ ಕ್ಲಿಪ್ಪು. ಮೊದಲು ಅವರ ಭುಜ ಕುಲುಕಿತು, ಆಮೇಲೆ ಹೊಟ್ಟೆ. ಬೀರು ಹೊತ್ತು ಬಾಗಿದ ಸೊಂಟ ಇನ್ನೂ ನೆಟ್ಟಗಾಗದ ಮಾಮನನ್ನೂ ಅಡುಗೆಮನೆಯ ಡಬ್ಬಿಗಳನ್ನು ಅಡಗಿಸಲು ಒಳಗೋಡಿದ ಹೆಂಡತಿಯನ್ನೂ ನೋಡಿ ನೋಡಿ, ಬೀದಿಯ ಕೊನೆಯ ಮನೆಗೂ ಕೇಳುವಂತೆ ಬಿದ್ದು ಬಿದ್ದು ನಕ್ಕರು.

"ಯಾಕ್ರೀ ನಗ್ತೀರಿ?" ಎಂದು ಮಾಮ ಸೊಂಟ ಹಿಡಿದುಕೊಂಡೇ ಗೋಗರೆದರು. "ನಿಮ್ಮ ರೇಡಿಯೋ ಎಲ್ಲಿಡ್ತೀರಿ ಈಗ?"

"ಗೊತ್ತಿಲ್ಲ ಮಾಮ!" ಎಂದರು ರಾಯರು, ಕಣ್ಣೀರು ಒರೆಸಿಕೊಂಡು, ಇನ್ನೂ ಜೋರಾಗಿ ನಗುತ್ತ.